ಮೀನಿನ ತೊಟ್ಟಿಗೆ ಬಂದ ಕಪ್ಪೆಗಳು

ಮೊದಲನೆಯದು ಬಾಳೆಗೊನೆಯಲ್ಲಿ ಬಂತು. ನನ್ನ ತವರು ಅರೇಹಳ್ಳಿಯ ಕಡೆ. ಮಳೆಗಾಲ ಶುರುವಾದ ಹೊಸತರಲ್ಲಿ ಅಣ್ಣ ಒಂದು ಪುಟ್ಟಬಾಳೆ ಗೊನೆಯನ್ನು ಬಸ್ಸಿನಲ್ಲಿ ಹಾಕಿಕೊಂಡು ಅರಸೀಕೆರೆಯ ನಮ್ಮ ಮನೆಗೆ ಬಂದಿದ್ದ. ಊಟ ಮುಗಿಸಿ ಅದೇ ದಿನ ವಾಪಸು ಹೋದ. ಗೊನೆಯನ್ನು ಹಿಂದಿನ ವರಾಂಡದ ಕೊಕ್ಕೆಗೆ ನೇತುಹಾಕಿದ್ದೆವು. ಮಾರನೆಯ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ, ಒಂದು ಚಿಪ್ಪು ಕೊಯ್ಯಲು ಹೋದವರು ಕತ್ತಿಯನ್ನು ಕೆಳಗೆ ಹಾಕಿ ಕೂಗಿಕೊಂಡರು.

“ಅಯ್ಯೋ ಶಿವನೇ! ಬಾರೇ ಇಲ್ಲಿ! ಗೋಡೆ ಮ್ಯಾಲೆ ಏನೋ ಅಂಟ್ಕಂಡೈತೆ!”

ಓಡಿಹೋಗಿ ನೋಡಿದೆ. ಒಣಗಿದ ಬಾಳೆಪಟ್ಟೆಯ ಬಣ್ಣದ, ತೆಳ್ಳನೆಯ ಒಂದು ಕಪ್ಪೆ. ನುಣ್ಣನೆಯ ಗೋಡೆಗೆ ನಾಲ್ಕೂ ಕಾಲು ಒತ್ತಿ ಕುಳಿತಿತ್ತು. ಒಂದೊಂದು ಬೆರಳಿನ ತುದಿಯಲ್ಲೂ ಪುಟ್ಟ ಬಿಲ್ಲೆಯಂಥದ್ದು. ಚಿಕ್ಕಂದಿನಲ್ಲಿ ತೋಟದಲ್ಲಿ ಇಂಥವನ್ನು ಎಷ್ಟೋ ಸಲ ಕಂಡಿದ್ದೆ. ಆದರೆ ಇಷ್ಟು ಹತ್ತಿರದಿಂದ, ಅದರ ಗಂಟಲು ಮಿಡಿಯುವುದನ್ನು ನೋಡುತ್ತ ನಿಂತವಳಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಕಪ್ಪೆಗೆ ಮಂಡೂಕ, ಭೇಕ, ದರ್ದುರ ಎಂದು ಮೂರು ಹೆಸರು ಹೇಳಬಲ್ಲೆ. ಅದು ನೀರನ್ನು ಬಾಯಿಂದ ಕುಡಿಯುತ್ತದೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದರ ಮೇಲೆ ಒಂದು ಸ್ಟೀಲ್ ಡಬ್ಬಿ ಮುಚ್ಚಿ, ರಟ್ಟು ತೂರಿಸಿ ಹಿಡಿದೆ. ವರಾಂಡದ ಮೂಲೆಯಲ್ಲಿ ನಮ್ಮ ಯಜಮಾನರ ಮೀನಿನ ತೊಟ್ಟಿ ಖಾಲಿ ಬಿದ್ದಿತ್ತು. ಒಂದು ಬೇಸಿಗೆಯಲ್ಲಿ ದಿನವಿಡೀ ಕರೆಂಟು ಹೋಗಿ ಮೀನುಗಳೆಲ್ಲ ಸತ್ತ ಮೇಲೆ ಅವರು ಅದರ ಕಡೆ ತಿರುಗಿ ನೋಡಿರಲಿಲ್ಲ. ಅಗಲವಾದ, ಮಂಡಿಯೆತ್ತರದ ಗಾಜಿನ ತೊಟ್ಟಿ. ತಳಕ್ಕೆ ಹಿತ್ತಲ ಮಣ್ಣು ಹರಡಿ, ಒಂದು ಮನಿಪ್ಲಾಂಟ್ ಬಳ್ಳಿ ನೆಟ್ಟು, ತೆಂಗಿನ ಚಿಪ್ಪಿನಲ್ಲಿ ನೀರಿಟ್ಟು, ಮೇಲೆ ಸೊಳ್ಳೆಬಲೆ ಕಟ್ಟಿದೆ. ಒಂದು ದಿನ ನೋಡಿ ಬಿಟ್ಟುಬಿಡೋಣ ಎಂದುಕೊಂಡಿದ್ದೆ, ಅಷ್ಟೇ.

ಆ ಒಂದು ದಿನದಲ್ಲಿ ಅದು ಬಣ್ಣ ಬದಲಿಸಿತು. ಬೆಳಿಗ್ಗೆ ಕಂದು, ಮಧ್ಯಾಹ್ನ ಹಾಲು ಹಾಕಿದ ಕಾಫಿ, ಸಂಜೆ ಹೆಚ್ಚುಕಡಿಮೆ ಬಿಳಿ. ದೂರದಿಂದಲೇ ನೋಡುತ್ತಿದ್ದ ಅತ್ತೆ ಕೇಳಿದರು, “ಬ್ಯಾರೇದ್ ತಂದ್ ಬಿಟ್ಟಿದೀಯೇನೇ?”

ಬಿಡುವುದು ಮುಂದಕ್ಕೆ ಹೋಯಿತು.

ಊಟದ ಹೊತ್ತಿಗೆ ಮಾವ ವಿಷಯ ತೆಗೆದರು. ಮಾವ ಕೊಬ್ಬರಿ ವ್ಯಾಪಾರಸ್ಥರು. ಮನೆಗೆ ಅಂಟಿಕೊಂಡೇ ನಮ್ಮ ಗೋಡೌನು. ಎರಡು ಹೊತ್ತಿನ ಲಿಂಗಪೂಜೆ ತಪ್ಪಿಸಿದವರಲ್ಲ.

“ಅದು ಏನ್ ತಿಂತೈತೆ?” ಎಂದರು.

“ಹುಳ, ಮಾವ.”

“ಸತ್ತಿರೋದೋ, ಜೀವ ಇರೋದೋ?”

“ಜೀವ ಇರೋದೇ. ಅಲ್ಲಾಡದಿದ್ರೆ ಅದು ಮುಟ್ಟೋದೇ ಇಲ್ವಂತೆ.”

ಮಾವ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು. “ಇರುವೆ ತುಳುದ್ರೆ ಶಿವಶಿವಾ ಅನ್ನೋ ಮನೆ ಕಣಮ್ಮ ಇದು. ನೀನು ಜೀವ ಹಿಡ್ದು ಹಿಡ್ದು ಹಾಕ್ತೀನಿ ಅಂದ್ರೆ ಎಂಗೆ?”

ನಾಳೆ ಬೆಳಿಗ್ಗೆ ಹಿತ್ತಲಿಗೆ ಬಿಟ್ಟುಬಿಡುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಜ್ಜಿಗೆ ಬಡಿಸುತ್ತ ಹೇಳಿದರು.

“ನಾವ್ಯಾಕೆ ಹಿಡಿಯಾನ? ಮಳೆಗಾಲದಲ್ಲಿ ದೀಪದ ಹುಳ ಕರುದ್ರೂ ಬತ್ತವೆ, ಕರೀದಿದ್ರೂ ಬತ್ತವೆ. ತೊಟ್ಟಿ ಮ್ಯಾಲೆ ಒಂದು ಬಲ್ಪು ಹಾಕಾನ. ಬರೋದು ಹುಳದ ಇಷ್ಟ, ತಿನ್ನೋದು ಕಪ್ಪೆ ಇಷ್ಟ. ನಮ್ದೇನೈತೆ?”

ಮಾವ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಠಕ್ಕೆ ಹೋದಾಗ ಸ್ವಾಮಿಗಳನ್ನೇ ಕೇಳುತ್ತೇನೆ ಎಂದರು. ಹೋಗಿ ಬಂದ ಮೇಲೆ ಕೇಳಿದರೆ, “ಅಷ್ಟು ಜನದ ಮುಂದೆ ಕಪ್ಪೆ ವಿಚಾರ ಎಂಗೆ ಎತ್ತಾದು?” ಎಂದು ಟವಲು ಕೊಡವಿಕೊಂಡು ಒಳಗೆ ಹೋದರು. ಅಲ್ಲಿಗೆ ಆ ಮಾತು ಮುಗಿಯಿತು. ನಾನು ನೀರಿನ ಬಾಟಲಿಯ ತಲೆ ಕತ್ತರಿಸಿ, ಸೊಳ್ಳೆಬಲೆಯಲ್ಲಿ ಆಲಿಕೆಯಂತೆ ಕೂರಿಸಿದೆ. ಬಲ್ಬಿಗೆ ಬಡಿದು ಬಿದ್ದ ಹುಳ ಒಳಕ್ಕೆ ಜಾರುತ್ತಿತ್ತು. ಕಪ್ಪೆಗೆ ಹೊರಕ್ಕೆ ಬರಲಾಗುತ್ತಿರಲಿಲ್ಲ.

ಸಂಜೆ ಶಾಲೆಯಿಂದ ಬಂದು ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕೂರುವುದು ಅಭ್ಯಾಸವಾಯಿತು. ಮೊದಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಒಂದು ದಿನ ಮಣೆ ತಂದು ಪಕ್ಕದಲ್ಲೇ ಕುಳಿತರು. ಮದುವೆಯಾಗಿ ಇಷ್ಟು ವರ್ಷವಾದರೂ ನಾವಿಬ್ಬರೂ ಕೆಲಸವಿಲ್ಲದೆ ಒಟ್ಟಿಗೆ ಕುಳಿತದ್ದು ಕಡಿಮೆ. ಮುಂದೆ ಸೊಪ್ಪೋ ಅವರೆಕಾಯಿಯೋ ಇರಲೇಬೇಕಾಗಿತ್ತು.

“ಇದು ನೆಲಕ್ಕೆ ಇಳಿಯೋದೇ ಇಲ್ವಲ್ಲೇ,” ಎಂದರು ಅತ್ತೆ. “ಮ್ಯಾಲೇ ಇರ್ತದೆ. ಕೆಳಗಿನ್ ಪೋರ್ಷನ್ ಖಾಲಿ ಬಿದ್ದೈತೆ.”

ಕೆಳಗೆ ಬಿದ್ದ ಜೀರುಂಡೆ, ಗೆದ್ದಲಹುಳಗಳನ್ನು ಮರಗಪ್ಪೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಾಗಾಗಿ ಎರಡನೆಯದನ್ನು ಅತ್ತೆಯೇ ಆರಿಸಿದರು. ಗೋಡೌನಿನ ಗೋಣಿಚೀಲಗಳ ಹಿಂದೆ ಒಂದು ನೆಲಗಪ್ಪೆ ಬಹಳ ಕಾಲದಿಂದ ಇತ್ತು. ಮೈತುಂಬ ಗಂಟು, ಮುದುಕರ ಮುಖ. ಲೋಡು ತುಂಬುವವರು ಅದನ್ನು ಕಾಲಿನಿಂದ ಮೆಲ್ಲಗೆ ಸರಿಸಿ ಕೆಲಸ ಮಾಡುತ್ತಿದ್ದರು. ಅತ್ತೆ ಮುಟ್ಟಲಿಲ್ಲ, ಮೊರದಲ್ಲಿ ತಳ್ಳಿಕೊಂಡು ತಂದು ತೊಟ್ಟಿಗಿಳಿಸಿದರು. ಅದು ಬಂದ ಕೂಡಲೇ ಮೂಲೆಯ ಹೆಂಚಿನ ಚೂರಿನ ಕೆಳಗೆ ಹಿಂದುಮುಂದಾಗಿ ತೂರಿಕೊಂಡಿತು. ಒಂದು ಇನ್ನೊಂದನ್ನು ತಿರುಗಿಯೂ ನೋಡಲಿಲ್ಲ. ನಮಗೆ ಹಿಗ್ಗು.

ಮಾರನೆಯ ಬೆಳಿಗ್ಗೆ ನೋಡಿದರೆ ನೆಲಗಪ್ಪೆ ನೀರಿನ ಚಿಪ್ಪಿನಲ್ಲಿ ಆರಾಮಾಗಿ ಕುಳಿತಿತ್ತು. ಅದರ ಪಕ್ಕದಲ್ಲಿ, ಅದೇ ನೀರಿನಲ್ಲಿ, ಮರಗಪ್ಪೆ ಕೈಕಾಲು ಚೆಲ್ಲಿ ಬಿದ್ದಿತ್ತು. ಕಡ್ಡಿ ಮುಟ್ಟಿಸಿದರೂ ಹಾರಲಿಲ್ಲ. ಅಂಗೈಗೆ ತೆಗೆದುಕೊಂಡರೆ ಒದ್ದೆ ಬಟ್ಟೆಯ ತುಂಡಿನಂತಿತ್ತು. ನನ್ನ ಜೊತೆ ಕೆಲಸ ಮಾಡುವ ವಿಜ್ಞಾನದ ಮೇಡಂಗೆ ಫೋನು ಮಾಡಿದೆ.

“ಎರಡಕ್ಕೂ ಒಂದೇ ನೀರಾ? ಆ ಗಂಟುಕಪ್ಪೆ ಮೈಯಿಂದ ಹಾಲಿನ ಥರ ವಿಷ ಬಿಡುತ್ತೆ ಕಣ್ರೀ,” ಎಂದರು. “ಕಪ್ಪೆ ನೀರು ಕುಡಿಯೋದು ಚರ್ಮದಿಂದ. ನೀರಲ್ಲಿ ಏನಿದ್ರೂ ಒಳಗೆ ಹೋಗುತ್ತೆ. ಮೊದ್ಲು ಅದನ್ನ ಒಳ್ಳೆ ನೀರಲ್ಲಿ ತೊಳೀರಿ. ನಲ್ಲಿ ನೀರು ಬೇಡ, ಬ್ಲೀಚಿಂಗ್ ಪೌಡರ್ ಹಾಕಿರ್ತಾರೆ.”

ಸೂರಿನಿಂದ ಹಿಡಿದಿಟ್ಟ ಮಳೆನೀರು ಬಕೆಟ್ಟಿನಲ್ಲಿತ್ತು. ಅತ್ತೆ ಲೋಟದಲ್ಲಿ ಮೊಗೆದು ಮೊಗೆದು ಸಣ್ಣಗೆ ಹುಯ್ದರು. ನಾನು ಕಪ್ಪೆಯನ್ನು ಹಿಡಿದುಕೊಂಡೆ. ಮಗುವಿಗೆ ತಲೆಗೆ ನೀರು ಹಾಕುವ ಹಾಗೆ, ಕಣ್ಣಿಗೆ ಬೀಳದಂತೆ ಓರೆಯಾಗಿ. ಎಷ್ಟೋ ಹೊತ್ತಿನ ಮೇಲೆ ಅದರ ಗಂಟಲು ಮಿಡಿಯಿತು. ಆಮೇಲೆ ಒಂದು ಬೆರಳು ನನ್ನ ಹೆಬ್ಬೆರಳನ್ನು ಹಿಡಿಯಿತು. ಅದರ ಅಂಟು ಈಗಲೂ ನೆನಪಿದೆ.

ಅಂದೇ ತೊಟ್ಟಿಯಲ್ಲಿ ನೀರು ಬೇರೆಯಾಯಿತು. ಒಂದು ಚಿಪ್ಪು ಕೆಳಗೆ, ಇನ್ನೊಂದನ್ನು ತಂತಿಯಲ್ಲಿ ಕಟ್ಟಿ ಬಳ್ಳಿಯ ಮಟ್ಟಕ್ಕೆ. ಎರಡರ ನೀರನ್ನೂ ದಿನಾ ಬದಲಿಸುವುದು, ಒಂದನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಂದನ್ನು ಮುಟ್ಟಬಾರದು. ಈ ಕಟ್ಟುಪಾಡು ಅತ್ತೆಯದು. ಅಡುಗೆಮನೆಯ ಮಡಿಯನ್ನು ಅವರು ಇಷ್ಟು ಬಿಗಿಯಾಗಿ ನಡೆಸಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಎರಡೂ ಚೆನ್ನಾಗಿದ್ದವು. ಬಾಡಿಗೆಮನೆಯ ಮೇಲಿನವರು ಕೆಳಗಿನವರ ಹಾಗೆ. ನೋಡುವುದಕ್ಕೆ ನಮಗೆ ಬೇಕಾದಷ್ಟು ಇತ್ತು. ನೆಲಗಪ್ಪೆ ನುಂಗುವಾಗ ಕಣ್ಣು ಮುಚ್ಚಿ, ಗುಡ್ಡೆಗಳನ್ನೇ ಒಳಕ್ಕೆ ಒತ್ತಿ ತುತ್ತನ್ನು ಇಳಿಸುತ್ತಿತ್ತು. ಒಂದು ಮಧ್ಯಾಹ್ನ ಅದು ಮೈಯನ್ನೆಲ್ಲ ಕೊಸರಾಡಿ, ಬಾಯಿಯ ಎರಡೂ ಬದಿಯಿಂದ ಏನನ್ನೋ ಎಳೆದುಕೊಳ್ಳತೊಡಗಿತು. ಹತ್ತಿರ ಬಗ್ಗಿ ನೋಡಿದರೆ ತನ್ನದೇ ಹಳೆಯ ಚರ್ಮ! ತೋಳಿನ ಭಾಗವನ್ನು ಕುಪ್ಪಸ ಬಿಚ್ಚುವಂತೆ ಬಾಯಿಂದ ಎಳೆದು ನುಂಗಿತು.

“ನೋಡೇ, ಬಟ್ಟೆ ಬಿಚ್ಚಿ ಬಿಚ್ಚಿ ತಾನೇ ತಿಂತಲ್ಲೇ!” ಎಂದು ಅತ್ತೆ ನಕ್ಕ ನಗು ಗೋಡೌನಿನವರೆಗೂ ಕೇಳಿ, ಮಾವ ಬಂದು ಇಣುಕಿದರು. ಎಲ್ಲ ನುಂಗಿ ಮುಗಿಯುವವರೆಗೂ ನಿಂತಿದ್ದರು.

ಮೂರನೆಯದು ಬಸ್ಸಿನಲ್ಲಿ ಬಂತು. ಅತ್ತೆಯ ತಂಗಿಯ ಮನೆ ಹಳೇಬೀಡಿನಲ್ಲಿ. ನಾವಿಬ್ಬರೂ ಭಾನುವಾರ ಹೋಗಿದ್ದಾಗ ಅವರ ಹಿತ್ತಲಲ್ಲಿ ಗೊಬ್ಬರದ ಗುಂಡಿ ಕೆದಕುತ್ತಿದ್ದರು. ಗುದ್ದಲಿಯ ಪಕ್ಕದಲ್ಲೇ ರಾಗಿಮುದ್ದೆಯಂಥದ್ದು ಒಂದು ಉರುಳಿತು. ಮುದ್ದೆಗೆ ಕಣ್ಣಿತ್ತು. ಗಾಳಿ ತುಂಬಿ ಉಬ್ಬಿಕೊಂಡ, ಕುತ್ತಿಗೆಯೇ ಇಲ್ಲದ, ಚಿಕ್ಕ ಬಾಯಿಯ ಮಣ್ಣುಗಪ್ಪೆ. ಕೆಂಪುಮಚ್ಚೆಯ ಬೆನ್ನು. ಅದು ಹಿಂಗಾಲಿನಿಂದ ಮಣ್ಣು ತೋಡುತ್ತ, ನಮ್ಮನ್ನು ನೋಡುತ್ತ ನೋಡುತ್ತಲೇ ಹಿಂದುಹಿಂದಕ್ಕೆ ನೆಲದೊಳಗೆ ಇಳಿಯತೊಡಗಿತು.

ಅತ್ತೆ ನನ್ನ ಮುಖ ನೋಡಿದರು. “ಮ್ಯಾಲೆ ಒಂದೈತೆ, ನೆಲದ್ ಮ್ಯಾಲೆ ಒಂದೈತೆ. ನೆಲದ್ ಒಳಗೆ?”

ತಂಗಿಯ ಮನೆಯಿಂದ ಮಜ್ಜಿಗೆ ಡಬ್ಬಿ ಇಸಿದುಕೊಂಡು, ಒದ್ದೆ ಮಣ್ಣು ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದು ತಂದೆವು. ಜಾವಗಲ್ ದಾಟುವಾಗ ಡಬ್ಬಿಯೊಳಗಿಂದ ಒದೆಯುವ ಸದ್ದು ಬಂತು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಬಗ್ಗಿದ.

“ಏನಜ್ಜಿ ಅದು?”

“ಮಜ್ಜಿಗೆ ಕಣಪ್ಪ.”

“ಮಜ್ಜಿಗೆ ಒದೀತೈತಾ?”

“ಹುಳಿ ಬಂದೈತೆ,” ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಈ ಮಣ್ಣುಗಪ್ಪೆ ಎಲ್ಲಕ್ಕಿಂತ ವಿಚಿತ್ರ. ತೊಟ್ಟಿಗೆ ಬಿಟ್ಟ ಕೂಡಲೇ ನೆಲಕ್ಕಿಳಿದದ್ದು ಮತ್ತೆ ಕಾಣಲಿಲ್ಲ. ಅದಕ್ಕೆಂದು ಮಣ್ಣನ್ನು ಗೇಣುದ್ದ ಏರಿಸಿದ್ದೆವು. ಇರುವೆ, ಗೆದ್ದಲು ಅದರ ಊಟವೆಂದು ಮೇಡಂ ಹೇಳಿದ್ದರಿಂದ ಗೆದ್ದಲು ಹಿಡಿದ ಒಂದು ತೆಂಗಿನ ಮಟ್ಟೆಯನ್ನೂ ತಂದಿಟ್ಟಿದ್ದೆವು. ಬೆಳಿಗ್ಗೆ ಒಮ್ಮೊಮ್ಮೆ ಮಣ್ಣಿನ ಮೇಲೆ ಸಣ್ಣ ಕದಲಿಕೆಯ ಗುರುತು ಇರುತ್ತಿತ್ತು. ನೆಲಗಪ್ಪೆ ಓಡಾಡಿದ್ದೋ, ಇದು ಎದ್ದು ಬಂದದ್ದೋ? ಇದೆಯೋ, ಇಲ್ಲವೋ? ತೋಡಿ ನೋಡಿದರೆ ಅದಕ್ಕೆ ತೊಂದರೆ. ತೋಡದಿದ್ದರೆ ನಮಗೆ ನಿದ್ದೆಯಿಲ್ಲ. “ಕಾಣದೇ ಇರೋದನ್ನ ನಂಬಿ ಸಾಕೋದು ಕಷ್ಟ ಕಣೇ,” ಎಂದು ಅತ್ತೆ ದಿನವೂ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು.

ಹೀಗಿರುವಾಗ ಬೇಲೂರಿನಲ್ಲಿ ಅತ್ತೆಯ ಕಡೆಯ ಒಂದು ಮದುವೆ ಬಂತು. ನಾನೂ ಅತ್ತೆಯೂ ಹೋದೆವು. ಕೊಬ್ಬರಿ ಲಾರಿ ಬರುವುದಿತ್ತೆಂದು ಮಾವ ಮತ್ತು ಯಜಮಾನರು ಮನೆಯಲ್ಲೇ ಉಳಿದರು. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೇ ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಬಾಗಿಲಲ್ಲೇ ಯಜಮಾನರು ನಗುತ್ತ ನಿಂತಿದ್ದರು.

“ತೊಟ್ಟಿ ನಂದು, ಕಪ್ಪೆ ಮಾತ್ರ ನಿಮ್ಮಿಬ್ರದ್ದಾ? ನಾನೂ ಒಂದು ತಂದಿದೀನಿ, ನೋಡಿ.”

ರೇಷ್ಮೆಸೀರೆಯಲ್ಲೇ ವರಾಂಡಕ್ಕೆ ಹೋದೆವು. ಬಲ್ಬಿನ ಬೆಳಕಿನಲ್ಲಿ ತೊಟ್ಟಿಯ ನಡುವೆ, ಊರಾಚೆಯ ನಮ್ಮ ತೆಂಗಿನ ತೋಟದ ನೀರಿನ ಹೊಂಡದಲ್ಲಿ ಗಂಟಲು ಹರಿಯುವಂತೆ ಕೂಗುತ್ತವಲ್ಲ, ಆ ಜಾತಿಯ ಹಸಿರು ಹಳದಿ ದೊಡ್ಡ ಕಪ್ಪೆ ಕುಳಿತಿತ್ತು. ಅದೊಂದೇ ಉಳಿದ ಮೂರರಷ್ಟಿತ್ತು. ಅದರ ಬಾಯಿಯ ಬದಿಯಲ್ಲಿ ಏನೋ ನೇತಾಡುತ್ತಿತ್ತು. ತೆಳ್ಳನೆಯ ಒಂದು ಕಾಲು. ಬೆರಳ ತುದಿಗಳಲ್ಲಿ ಬಿಲ್ಲೆ.

ನಾನು ಕಿರುಚಿದೆನೇ ಹೊರತು ಕೈ ಮುಂದೆ ಹೋಗಲಿಲ್ಲ. ಅತ್ತೆ ಬಲೆಯನ್ನು ಕಿತ್ತೆಸೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಆ ಕಪ್ಪೆಯನ್ನು ಎತ್ತಿಕೊಂಡರು. ಅದುವರೆಗೆ ಒಂದು ಕಪ್ಪೆಯನ್ನೂ ಬರಿಗೈಯಲ್ಲಿ ಮುಟ್ಟಿದವರಲ್ಲ. ಅದು ಒದ್ದ ರಭಸಕ್ಕೆ ಕೆಸರು ಸೀರೆಗೆಲ್ಲ ಹಾರಿತು. ಅತ್ತೆ ಅದನ್ನು ಎದೆಗೆ ಒತ್ತಿ ಹಿಡಿದು, ಬಾಯಿಯ ಎರಡೂ ಸಂದಿಗೆ ಬೆರಳು ತೂರಿಸಿದರು.

“ಕರ ಹಗ್ಗ ನುಂಗಿದ್ರೆ ಹಿಂಗೇ ಬಾಯ್ ಬಿಡ್ಸೋದು... ಬಿಡು... ಬಿಡ್ತೀಯೋ ಇಲ್ವೋ... ಎಳ್ಕಳೇ, ಮೆಲ್ಲುಕೆ ಎಳ್ಕ!”

ನಾನು ಕಾಲು ಹಿಡಿದು ಎಳೆದೆ. ಜಾರಿತು. ಮತ್ತೆ ಹಿಡಿದೆ. ಮರಗಪ್ಪೆ ಲೋಳೆಯ ಜೊತೆ ನನ್ನ ಅಂಗೈಗೆ ಬಂದು ಬಿತ್ತು. ಇನ್ನೊಂದು ಹಿಂಗಾಲು ತೊಡೆಯ ಹತ್ತಿರ ತರಚಿ ಕೆಂಪಗಾಗಿತ್ತು. ಉಸಿರಾಡುತ್ತಿತ್ತು. ಮೂಲೆಯಲ್ಲಿ ನೆಲಗಪ್ಪೆ ಮೈಯುಬ್ಬಿಸಿ, ಹೆಂಚಿಗೆ ಬೆನ್ನು ಕೊಟ್ಟು ನಿಂತಿತ್ತು. ಅದನ್ನು ದೊಡ್ಡದು ಮುಟ್ಟಿರಲಿಲ್ಲ, ಅಥವಾ ಮುಟ್ಟಿ ಉಗಿದಿತ್ತೇನೋ.

ಯಜಮಾನರ ಮುಖ ಬಿಳಿಚಿಕೊಂಡಿತ್ತು. “ಅದೂ ಕಪ್ಪೆ, ಇವೂ ಕಪ್ಪೆ. ಒಂದನ್ನೊಂದು ತಿಂತಾವೆ ಅಂತ ನನಗೇನು ಗೊತ್ತು?” ಎಂದರು.

ಸದ್ದು ಕೇಳಿ ಬಂದ ಮಾವ ಎಲ್ಲವನ್ನೂ ಒಮ್ಮೆ ನೋಡಿದರು. “ತಕ್ಕಡೀಲಿ ಕಪ್ಪೆ ತೂಗಕ್ಕಾಗಲ್ಲ ಅಂತ ವ್ಯಾಪಾರದಲ್ಲಿ ಅಂತೀವಿ. ನಿಜವಾಗ್ಲೂ ತೂಗಕ್ಕೆ ಹೋಗಿದ್ದೋರು ನೀವೇ ಮೊದಲು,” ಎಂದು, ಬಕೆಟ್ಟು ತಂದು ಅತ್ತೆಯ ಕೈಲಿದ್ದ ದೊಡ್ಡ ಕಪ್ಪೆಯನ್ನು ಇಳಿಸಿಕೊಂಡು ತಟ್ಟೆ ಮುಚ್ಚಿದರು. “ನಡಿಯೋ, ಗಾಡಿ ತೆಗಿ. ಎಲ್ಲಿಂದ ತಂದಿದ್ದೋ ಅಲ್ಲಿಗೇ ಬಿಟ್ಟು ಬರಾನ. ನಾನೂ ಬತ್ತೀನಿ.” ಸ್ಕೂಟರಿನ ಹಿಂದೆ, ತೊಡೆಯ ಮೇಲೆ ಬಕೆಟ್ಟು ಅಪ್ಪಿಕೊಂಡು ಮಾವ ತೋಟಕ್ಕೆ ಹೋದರು. ಅದು ಹೊಂಡಕ್ಕೆ ಹಾರಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರಂತೆ.

ಇತ್ತ ನಮಗೆ ಒಂದೇ ಚಿಂತೆ. ಮಣ್ಣುಗಪ್ಪೆ ಎಲ್ಲಿ? ಇಡೀ ದಿನ ದೊಡ್ಡದು ಅಲ್ಲಿತ್ತು. ಮಣ್ಣಿನೊಳಗಿನದು ಮೇಲೆ ಬಂದಿದ್ದರೆ?

ಮರಗಪ್ಪೆಯನ್ನು ಮಳೆನೀರಿನಲ್ಲಿ ತೊಳೆದು ಡಬ್ಬಿಯಲ್ಲಿಟ್ಟು, ಸೀರೆ ಬದಲಿಸಿ ಬಂದು, ತೊಟ್ಟಿಯ ಮಣ್ಣನ್ನು ಹಿಡಿಹಿಡಿಯಾಗಿ ಮೊರಕ್ಕೆ ತೆಗೆದೆವು. ಗುದ್ದಲಿ ಬೇಡವೆಂದು ಬೆರಳಿನಲ್ಲೇ ಪುಡಿ ಮಾಡಿ ಮಾಡಿ ನೋಡಿದೆವು. ಒಂದು ಮೂಲೆ ಮುಗಿಯಿತು, ಇನ್ನೊಂದು ಮುಗಿಯಿತು. ತಳದ ಗಾಜು ಕಾಣತೊಡಗಿತು. ಮರಗಪ್ಪೆಯ ಕಾಲಿಗಿಂತ ಇದರದೇ ಸಂಕಟ ಹೆಚ್ಚಾಯಿತು ನನಗೆ. ಬಸ್ಸಿನಲ್ಲಿ ನಗುತ್ತ ತಂದಿದ್ದೆವಲ್ಲ.

ಕೊನೆಗೆ ಬಳ್ಳಿಯ ಬೇರಿನ ಕೆಳಗೆ ಅತ್ತೆಯ ಕೈಗೆ ಒಂದು ಹೆಂಟೆ ಸಿಕ್ಕಿತು. ಒಡೆಯಲು ಹೋದವರು ಹಾಗೇ ನಿಂತರು.

“ಮಣ್ಣಲ್ಲ ಕಣೇ. ಮೆತ್ತಗೈತೆ.”

ಅಂಗೈ ತೆರೆದರು. ಹೆಂಟೆ ನಿಧಾನವಾಗಿ ಕಣ್ಣು ತೆರೆಯಿತು. ಅಂದಿನ ಯಾವ ಗಲಾಟೆಯೂ ಅದಕ್ಕೆ ತಲುಪಿದಂತಿರಲಿಲ್ಲ.

ಮರುದಿನ ಶಾಲೆಯಲ್ಲಿ ಎಲ್ಲವನ್ನೂ ಮೇಡಂಗೆ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ದೊಡ್ಡ ಕಪ್ಪೆ ಬಾಯಿಗೆ ಹಿಡಿಸುವಂಥದ್ದನ್ನೆಲ್ಲ ನುಂಗುತ್ತದೆ, ತನ್ನ ಜಾತಿಯ ಮರಿಯನ್ನೂ ಬಿಡುವುದಿಲ್ಲ ಎಂದರು. ಅಳತೆಯಲ್ಲಿ ಸಮ, ವಿಷವಿಲ್ಲದ್ದು, ಒಂದೇ ಥರದ ತಾವು ಬೇಡುವಂಥದ್ದು, ಹಾಗಿದ್ದರೆ ಮಾತ್ರ ಒಟ್ಟಿಗಿಡಬಹುದು, ಅದೂ ಅಂಗಡಿಯವರು ಮರಿ ಮಾಡಿಸಿ ಮಾರುವ ಕಪ್ಪೆಗಳನ್ನು. “ಕಾಡಿನವು, ತೋಟದವು ಮನೇಲಿ ಕೂಡಿಹಾಕೋಹಾಗಿಲ್ಲ ಕಣ್ರೀ. ಕಾನೂನೂ ಇದೆ. ಕಾನೂನು ಬಿಡಿ, ಅವಕ್ಕೆ ಜೊತೆ ಬೇಕು ಅಂತ ನಿಮಗೆ ಹೇಳಿದ್ದು ಯಾರು?”

ನಾನು ಅದನ್ನೇ ಯೋಚಿಸುತ್ತ ಮನೆಗೆ ಬಂದೆ. ಅವಕ್ಕೆ ಬೇಕಾಗಿತ್ತೋ, ನಮಗೋ? ಅತ್ತೆಗೆ ಹೇಳಿದಾಗ ಅವರು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದರು.

“ನೋಡಬೇಕು ಅನ್ನಿಸ್ತು, ನೋಡಿದ್ವಿ,” ಎಂದರು. “ಸಾಕು ಬಿಡು. ಬಾಗಿಲು ತೆಗೆದಿಡಾನ. ಇರೋವು ಇರ್ಲಿ, ಹೋಗೋವು ಹೋಗ್ಲಿ.”

ತೊಟ್ಟಿಯನ್ನು ಹಿತ್ತಲಿಗೆ ಹೊತ್ತು, ಕರಿಬೇವಿನ ಗಿಡದ ನೆರಳಿನಲ್ಲಿ ಅಡ್ಡ ಮಲಗಿಸಿದೆವು. ಬಾಯಿ ಗಿಡಗಳ ಕಡೆಗೆ. ನೆಲಗಪ್ಪೆ ಅಂದೇ ಸಂಜೆ ಹೊರಬಿದ್ದು, ಕಲ್ಲುಚಪ್ಪಡಿಯ ಮೇಲೆ ಒಮ್ಮೆ ಕುಳಿತು, ಗೋಡೌನಿನ ಬಾಗಿಲಿನ ಸಂದಿಯಲ್ಲಿ ತೂರಿ ಹೋಯಿತು. ಮರಗಪ್ಪೆ ಕಾಲು ವಾಸಿಯಾಗುವವರೆಗೆ ಬಳ್ಳಿಯಲ್ಲೇ ಉಳಿಯಿತು. ತರಚಿದ ಜಾಗ ಕಪ್ಪಾಗಿ, ಆಮೇಲೆ ಮಾಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕಂಡಿತು, ಸಿಂಟೆಕ್ಸಿನ ಕರಿಬಣ್ಣಕ್ಕೆ ಹೊಂದಲು ಪಾಪ ಎಷ್ಟೋ ಪ್ರಯತ್ನಪಟ್ಟ ಹಾಗೆ ಗಾಢ ಕಂದಾಗಿ. ಮತ್ತೆ ಕಾಣಲಿಲ್ಲ. ಮಣ್ಣುಗಪ್ಪೆಯನ್ನು ಅತ್ತೆ ಕರಿಬೇವಿನ ಬುಡದಲ್ಲಿ ಬಿಟ್ಟರು. ಅದು ನಮ್ಮನ್ನು ನೋಡುತ್ತಲೇ ಹಿಂದುಹಿಂದಕ್ಕೆ ಇಳಿದುಹೋಯಿತು.

ಚಳಿಗಾಲ, ಬೇಸಿಗೆ ಎರಡೂ ಕಳೆದವು. ಈ ವರ್ಷ ಮೊದಲ ಜೋರು ಮಳೆ ಸಂಜೆ ಹೊಯ್ದು ನಿಂತಾಗ ನಾವೆಲ್ಲ ಕಾಫಿ ಕುಡಿಯುತ್ತಿದ್ದೆವು. ಹಿತ್ತಲಿಂದ ಗಂಟಲು ಕಟ್ಟಿದವರು ಕೂಗಿದಂಥ ದಪ್ಪ ಸದ್ದು ಬಂತು. ಯಾರದೋ ಮನೆಯ ಕರ ಬಿಚ್ಚಿಕೊಂಡು ನುಗ್ಗಿದೆ ಎಂದು ಮಾವ ಕೋಲು ಹಿಡಿದು ಹೊರಟರು. ನಾವೂ ಹಿಂದೆ ಹೋದೆವು. ಕರಿಬೇವಿನ ಬುಡದಲ್ಲಿ ನಿಂತ ನೀರಿನಲ್ಲಿ ಆ ರಾಗಿಮುದ್ದೆ, ಗಂಟಲನ್ನು ತನ್ನ ಮೈಯಷ್ಟೇ ದೊಡ್ಡದಾಗಿ ಊದಿಕೊಂಡು ತೇಲುತ್ತಿತ್ತು. ಇಷ್ಟು ಚಿಕ್ಕ ಬಾಯಿಂದ ಅಷ್ಟು ಸದ್ದು ಹೇಗೆ ಬರುತ್ತದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

“ಹಳೇಬೀಡಿಂದು,” ಎಂದರು ಅತ್ತೆ ಮಾವನಿಗೆ, ನೆಂಟರನ್ನು ಪರಿಚಯಿಸುವ ಹಾಗೆ.

ಹಿಂದಿನ ಖಾಲಿ ಸೈಟಿನ ಕಡೆಯಿಂದ ಅಂಥದ್ದೇ ಇನ್ನೊಂದು ಕೂಗು ಬಂತು. ಅರಸೀಕೆರೆಯಲ್ಲೂ ಇವು ಇದ್ದವೆ? ಇಷ್ಟು ವರ್ಷ ನಮ್ಮ ಕಾಲಡಿಯಲ್ಲೇ? ನಮ್ಮದು ನೀರಿನಲ್ಲೇ ಆ ಕಡೆಗೆ ತಿರುಗಿತು. ಆಮೇಲೆ ಇನ್ನೂ ಜೋರಾಗಿ ಕೂಗಿತು. ಮಾವ ಕೋಲನ್ನು ಗೋಡೆಗೆ ಒರಗಿಸಿ, ಇನ್ನೊಂದು ಎಲ್ಲಿಂದ ಕೂಗುತ್ತಿದೆ ಎಂದು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡತೊಡಗಿದರು.